ಜೋವಿಯಲ್ ಯಜಮಾನನ ಹೆಂಡತಿ

ಜನವರಿ 4, 1963, ಶುಕ್ರವಾರ

ಈ ಡೈರಿ ನನ್ನ ಗಂಡ ಆರ್ನಲ್ಡನದು. ಬಿಯರ್ ಕಂಪನಿಯವರು ಪ್ರತಿ ಕ್ರಿಸ್‌ಮಸ್ಸಿಗೆ ಒಂದು ಕೊಡುತ್ತಾರೆ. ಅವನು ಯಾವ ವರ್ಷವೂ ಒಂದು ಸಾಲು ಬರೆದವನಲ್ಲ. ಎಲ್ಲವನ್ನೂ ಬಾಯಲ್ಲೇ ಹೇಳಿ ಮುಗಿಸುವವನಿಗೆ ಬರೆಯಲು ಏನು ಉಳಿದೀತು? ನನಗೆ ಹೇಳಲು ಯಾರೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಧ್ಯಾಹ್ನ ಪಬ್ಬಿನ ಬಾಗಿಲು ಹಾಕಿ ಸಂಜೆ ತೆಗೆಯುವ ತನಕ ಈ ಅಡುಗೆಮನೆ ಎಷ್ಟು ನಿಶ್ಶಬ್ದವಾಗಿರುತ್ತದೆ ಅಂತ ನನಗೆ ಇದುವರೆಗೆ ಗೊತ್ತೇ ಇರಲಿಲ್ಲ.

ವರ್ಷದ ಕೊನೆಯ ದಿನ ಅವನು ಕೌಂಟರಿನ ಹಿಂದೆ ನಿಂತು ಆ ಬಿಷಪ್ ಮತ್ತು ಹಂದಿಯ ಕಥೆ ಹೇಳುತ್ತಿದ್ದ. ಹಂದಿ ಮೆಟ್ಟಿಲು ಹತ್ತುವ ಕಡೆ ಬಂದಾಗ ಕೈಯೆತ್ತಿ ಹಾಗೇ ಕೆಳಗೆ ಕುಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೂ ಕಥೆಯಲ್ಲೇ ಇದೆ ಅಂದುಕೊಂಡರು. ನಗದೆ ಇದ್ದವಳು ನಾನೊಬ್ಬಳೇ. ಅವನ ಕಥೆಗಳಿಗೆ ನಾನು ನಗುವುದಿಲ್ಲ, ಎಲ್ಲ ಕೇಳಿ ಕೇಳಿ ಸವೆದದ್ದು. ಅದಕ್ಕೇ ಅವನು ನಿಜವಾಗಿ ಬಿದ್ದಿದ್ದಾನೆ ಅಂತ ನನಗೆ ಮೊದಲು ಗೊತ್ತಾಯಿತು.

ಲಕ್ವ. ಬಲಗೈ ಬಲಗಾಲು ಹೋಗಿದೆ, ಮಾತೂ ಹೋಗಿದೆ.

ಇವತ್ತಿನ ಪತ್ರಿಕೆಯಲ್ಲಿ ಬಂದಿದೆ: ‘ಥಾರ್ನ್‌ಕ್ಲಫ್‌ನ ಜೋವಿಯಲ್ ಯಜಮಾನ ಆಸ್ಪತ್ರೆಯಲ್ಲಿ’. ಎರಡು ಉದ್ದದ ಪ್ಯಾರಾ. ಅವನ ನಗು ಗಿರಣಿಯ ಸೈರನ್ನಿಗಿಂತ ಜೋರು, ‘ಶಟಲ್’ ಪಬ್ಬಿಗೆ ಬಂದವರು ಯಾರೂ ಬೇಸರದಿಂದ ಮನೆಗೆ ಹೋಗಿಲ್ಲ, ಹೀಗೆ. ಕೊನೆಯಲ್ಲಿ ನಾನೂ ಇದ್ದೇನೆ. ‘ಪತ್ನಿ ನೋಡಿಕೊಳ್ಳುತ್ತಿದ್ದಾರೆ.’ ಹೆಸರಿಲ್ಲ. ಪತ್ನಿಗೆ ಮೇಬಲ್ ಅಂತ ಒಂದು ಹೆಸರಿದೆ, ಪೀಪಾಯಿ ಬದಲಿಸಿ, ಪೈಪು ತೊಳೆದು, ವಾಂತಿ ಬಳಿದು ಈ ಪಬ್ಬನ್ನು ಇಪ್ಪತ್ತಾರು ವರ್ಷದಿಂದ ನಿಲ್ಲಿಸಿದವಳು ಅವಳು ಅಂತ ಯಾರೂ ಹೇಳಲಿಲ್ಲ.

ಜೋವಿಯಲ್. ನಗುತ್ತಾ ನಗಿಸುತ್ತಾ ಇರುವವನು ಅಂತ. ಈ ಊರಿನಲ್ಲಿ ಆ ಪದಕ್ಕೆ ಆರ್ನಲ್ಡ್ ಸಟ್‌ಕ್ಲಿಫ್ ಅಂತಲೇ ಅರ್ಥ.

ಬಂದವರೆಲ್ಲ ‘ಆರ್ನಲ್ಡ್ ಹೇಗಿದಾನೆ?’ ಅಂತಾರೆ. ಹೇಳುತ್ತೇನೆ. ಒಂದು ಲೋಟ ಕುಡಿದು ಟೋಪಿ ಹಾಕಿಕೊಂಡು ಹೊರಡುತ್ತಾರೆ.

ಜನವರಿ 9, ಬುಧವಾರ

ಆರ್ನಲ್ಡನ ತಂಗಿ ಫ್ಲಾಸಿ ಬ್ಲ್ಯಾಕ್‌ಪೂಲ್‌ನಿಂದ ಬಂದಳು. ನಾನು ಕರೆದಿರಲಿಲ್ಲ. ಕೆಂಪು ಹ್ಯಾಟು, ಎರಡು ಪೆಟ್ಟಿಗೆ, ಹಿಮದಲ್ಲಿ ರೈಲು ತಡವಾದದ್ದರ ಮೇಲೆ ಒಂದು ದೊಡ್ಡ ಕಥೆ. ಬಾಗಿಲು ತೆಗೆದ ಕೂಡಲೇ ನನ್ನನ್ನು ಅಪ್ಪಿಕೊಂಡು, ‘ಅಯ್ಯೋ ಮೇಬಲ್, ಕಡ್ಡಿ ಆಗಿದೀಯಲ್ಲೇ ಚಿನ್ನ! ನಾನ್ ಬಂದಾಯ್ತು, ಇನ್ ನೀನು ಹಾಯಾಗಿ ಕೂತ್ಕೋ’ ಅಂದಳು.

ಕೂತುಕೊಳ್ಳಲು ಪುರುಸೊತ್ತು ಎಲ್ಲಿ? ಸಂಜೆ ಅವಳು ಬಿಯರ್ ಹಿಡಿಯುವ ಪಂಪಿನ ಹಿಂದೆ ನಿಂತಳು, ನಾನು ಲೋಟ ತೊಳೆದೆ. ಒಂದು ಗಂಟೆಯೊಳಗೆ ಜಾಗವೆಲ್ಲ ಗಲಗಲ ಅನ್ನುತ್ತಿತ್ತು. ಅವಳ ನಗುವೂ ಅಣ್ಣನದೇ, ಹೊಟ್ಟೆಯ ತಳದಿಂದ ಬಂದು ಹೆಗಲನ್ನೆಲ್ಲ ಕುಣಿಸುತ್ತದೆ. ಕಲ್ಲಿದ್ದಲು ಮಾರುವ ಸೆತ್ ಮೇಜು ಕುಟ್ಟಿ ಹೇಳಿದ: ‘ಆರ್ನಲ್ಡ್‌ಗೇ ಲಂಗ ತೊಡ್ಸಿ ಕಳ್ಸಿದಾರೆ ಕಣ್ರಪ್ಪಾ!’

ಅವನು ನಿನ್ನೆ ನನ್ನ ಎದುರು ಅರ್ಧ ಗಂಟೆ ಕೂತು ಹವಾಮಾನ ಬಿಟ್ಟರೆ ಬೇರೆ ಮಾತಾಡಿರಲಿಲ್ಲ.

ಜನವರಿ 10, ಗುರುವಾರ

ಆ ಪದದ ಮೇಲೆ ಇವತ್ತು ದೊಡ್ಡ ಚರ್ಚೆಯೇ ಆಯಿತು. ಶುರು ಮಾಡಿದವನು ಸೆತ್. ‘ಇಂಥಾ ಜೋವಿಯಲ್ ಹೆಂಗಸನ್ನ ನಾನು ನೋಡೇ ಇಲ್ಲ’ ಅಂದ. ಮೂಲೆಯಲ್ಲಿದ್ದ ಪಿಲಿಂಗ್ ಮೇಷ್ಟ್ರು ಲೋಟ ಕೆಳಗಿಟ್ಟರು. ನಿವೃತ್ತರಾಗಿ ಹತ್ತು ವರ್ಷವಾದರೂ ಅವರಿಗೆ ಯಾರಾದರೂ ತಪ್ಪು ಮಾತಾಡಿದರೆ ಕೈ ಕಡಿಯುತ್ತದೆ.

‘ಹೆಂಗಸರಿಗೆ ಆ ಪದ ಅಷ್ಟಾಗಿ ಬಳಸಲ್ಲಪ್ಪ’ ಅಂದರು. ‘ಸಾಮಾನ್ಯವಾಗಿ ವಯಸ್ಸಾದ, ಮೈತುಂಬಿದ ಗಂಡಸರಿಗೆ ಹೇಳೋದು. ಅವರ ಮುಖಕ್ಕೆ, ನಗೂಗೆ, ಅವರಿರೋ ಕೂಟಕ್ಕೂ ಹೇಳ್ಬಹುದು.’

‘ಯಾಕೆ, ಹೆಂಗಸ್ರಿಗೆ ಹೊಟ್ಟೆ ಇಲ್ವಾ?’ ಅಂತ ಫ್ಲಾಸಿ ತನ್ನ ಹೊಟ್ಟೆ ತಟ್ಟಿಕೊಂಡಳು. ಎಲ್ಲರೂ ನಕ್ಕರು.

‘ಜೋವ್ ಅಂದ್ರೆ ಗುರುಗ್ರಹದ ದೇವರು’ ಅಂತ ಮೇಷ್ಟ್ರು ಬಿಡದೆ ಮುಂದುವರಿಸಿದರು. ‘ಆ ಗ್ರಹದಡಿ ಹುಟ್ಟಿದೋರು ನಗ್ತಾ ನಗಿಸ್ತಾ ಇರ್ತಾರೆ ಅಂತ ಹಿಂದಿನೋರ ನಂಬಿಕೆ. ಇನ್ನೊಂದು ವಿಷಯ. ಒಬ್ಬನೇ ಕೂತು ಸಂತೋಷವಾಗಿರೋನಿಗೆ ಜೋವಿಯಲ್ ಅನ್ನಲ್ಲ. ಎದುರಿಗೆ ಜನ ಬೇಕು.’

‘ಮತ್ತೆ ಶನಿಗ್ರಹದೋರು?’ ಅಂತ ಸೆತ್ ಕೇಳಿದ.

‘ಅವರಿಗೂ ಒಂದು ಪದ ಇದೆ. ಸ್ಯಾಟರ್ನೈನ್. ಮುಖ ಗಂಟು ಹಾಕ್ಕೊಂಡಿರೋರು, ಮಾತು ಕಮ್ಮಿ.’

ಯಾರೂ ನನ್ನ ಕಡೆ ನೋಡಲಿಲ್ಲ. ನೋಡಬಾರದು ಅಂತ ಅವರು ಪಡುತ್ತಿದ್ದ ಕಷ್ಟ ನನಗೆ ಚೆನ್ನಾಗಿ ಕಂಡಿತು.

ಜನವರಿ 13, ಭಾನುವಾರ

ಆಸ್ಪತ್ರೆ. ನಾನು ಹೋಗಿ ಕೂತಾಗ ಆರ್ನಲ್ಡ್ ನನ್ನನ್ನೇ ನೋಡುತ್ತಿದ್ದ. ಹೊಸ ಪೈಜಾಮ ತೊಡಿಸಿದೆ, ಉಗುರು ಕತ್ತರಿಸಿದೆ, ಬಿಯರು ಸರಿಯಾಗಿ ಬರುತ್ತಿದೆ ಅಂತ ಹೇಳಿದೆ. ಆಮೇಲೆ ಫ್ಲಾಸಿ ಒಳಗೆ ಬಂದಳು. ಅವನ ಕೆಂಪು ಪಟ್ಟೆಯ ಹೊದಿಕೆ ನೋಡಿ ‘ಇದೇನೋ, ಜೈಲಿಗೆ ಹಾಕಿದಾರಾ ನಿನ್ನ!’ ಅಂದಳು. ಅವನ ಮುಖದ ಎಡಭಾಗ ಮೇಲಕ್ಕೆ ಹೋಯಿತು. ಗಂಟಲಿಂದ ಗೊರಗೊರ ಅಂತ ಸದ್ದು ಬಂತು. ನಗುತ್ತಿದ್ದ.

ನರ್ಸು ಓಡಿಬಂದು ‘ಎಷ್ಟು ಒಳ್ಳೇದಾಯ್ತು! ನೀವು ಅವರ ಮಿಸೆಸ್ಸಾ?’ ಅಂತ ಕೇಳಿದಳು. ಫ್ಲಾಸಿಯನ್ನು.

ನಾನು ಉಗುರಿನ ಚೂರುಗಳನ್ನು ಕಾಗದದಲ್ಲಿ ಕಟ್ಟಿ ಹೊರಗೆ ಎಸೆಯಲು ಹೋದೆ. ಬೇಗ ಹಿಂದಿರುಗಲಿಲ್ಲ.

ಜನವರಿ 21, ಸೋಮವಾರ

ಮನೆಗೆ ಕರೆತಂದೆವು. ಪಬ್ಬಿನ ಮೇಲಿನ ನಮ್ಮ ಕೋಣೆಯಲ್ಲೇ, ಕಿಟಕಿಯ ಪಕ್ಕ ಹಾಸಿಗೆ. ನಾನು ದಿಂಬು ಸರಿಮಾಡುತ್ತಿದ್ದೆ. ನನ್ನ ಮುಖ ಅವನ ಮುಖದ ಹತ್ತಿರ ಇತ್ತು. ಅವನ ತುಟಿ ಅಲುಗಿತು. ಬಹಳ ಕಷ್ಟಪಟ್ಟು, ಬೆವರಿ, ಒಂದು ಪದ ಹೊರಗೆ ತಂದ.

‘ಫ್ಲಾಸಿ.’

ಅವಳು ಕೋಣೆಯಲ್ಲೇ ಇರಲಿಲ್ಲ. ನಾನೇ ಇದ್ದೆ.

ನೆಲಮಾಳಿಗೆಗೆ ಇಳಿದು ಎರಡು ಪೀಪಾಯಿ ಜಾಗ ಬದಲಿಸಿದೆ. ಬದಲಿಸುವ ಅಗತ್ಯವೇನೂ ಇರಲಿಲ್ಲ.

ಜನವರಿ 23, ಬುಧವಾರ

ಚಹಾ ಅವನಿಗೆ ಫ್ಲಾಸಿ. ಮೂತ್ರದ ಪಾತ್ರೆ ಫ್ಲಾಸಿ. ಕಿಟಕಿಗೆ ಬಂದ ಗುಬ್ಬಚ್ಚಿಯೂ ಫ್ಲಾಸಿ. ಸಿಕ್ಕಿದ್ದು ಅದೊಂದೇ ಪದ, ಎಲ್ಲದಕ್ಕೂ ಅದೇ. ಡಾಕ್ಟರು ಹೇಳಿದರು, ಮಿದುಳಿಗೆ ಪೆಟ್ಟಾದವರಿಗೆ ಹೀಗಾಗುತ್ತದೆ, ಯಾವುದೋ ಒಂದು ಪದ ಬಾಯಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೆ ಅರ್ಥ ಹುಡುಕಬೇಡಿ ಅಂತ. ‘ಹಾಗಾದ್ರೆ ಅದು ಮೇಬಲ್ ಅಂತ ಯಾಕೆ ಸಿಕ್ಕಿಹಾಕ್ಕೊಳ್ಳಲಿಲ್ಲ?’ ಅಂತ ಕೇಳಿದೆ. ಡಾಕ್ಟರು ಚೀಲದ ಬೀಗ ಹಾಕಿದರು.

ಫ್ಲಾಸಿಗೆ ಇದು ತಮಾಷೆ. ಕೆಳಗೆ ಎಲ್ಲರಿಗೂ ಹೇಳಿದಳು. ಈಗ ಸೆತ್ ಬಂದು ‘ಒಂದು ಪೈಂಟ್ ಫ್ಲಾಸಿ ಕೊಡಿ’ ಅಂತಾನೆ.

ಫೆಬ್ರವರಿ 1, ಶುಕ್ರವಾರ

ಬಿಯರ್ ಕಂಪನಿಯಿಂದ ಡೆನ್ಹಮ್ ಅನ್ನುವವರು ಬಂದಿದ್ದರು. ಕೈಗವಸು ಬಿಚ್ಚದೆಯೇ ಕೂತರು. ಪಬ್ಬಿನ ಗುತ್ತಿಗೆ ಆರ್ನಲ್ಡನ ಹೆಸರಿನಲ್ಲಿದೆ. ಅವನಿಂದ ನಡೆಸಲು ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಮಾರ್ಚಿನಲ್ಲಿ ಹೊಸ ಹೆಸರು ಬೇಕು. ಇಲ್ಲದಿದ್ದರೆ ಹೊರಗಿನಿಂದ ಯಾರನ್ನಾದರೂ ಹಾಕುತ್ತಾರೆ, ನಾವು ಮೇಲಿನ ಮನೆಯನ್ನೂ ಬಿಡಬೇಕು.

‘ನಾನಿದೀನಲ್ಲ’ ಅಂದೆ.

‘ಮಿಸೆಸ್ ಸಟ್‌ಕ್ಲಿಫ್, ನಿಮ್ಮ ನೆಲಮಾಳಿಗೆಯಷ್ಟು ಚೊಕ್ಕಟ ಈ ಕಣಿವೆಯಲ್ಲೇ ಇನ್ನೊಂದಿಲ್ಲ. ಆದ್ರೆ ನೋಡಿ, ಜನ ನೆಲಮಾಳಿಗೆ ನೋಡೋಕೆ ಬರಲ್ಲ. ಈ ಜಾಗಕ್ಕೆ ಒಂದು ಹೆಸರಿದೆ. ಇಲ್ಲಿ ಯಾರಾದ್ರೂ ಸ್ವಲ್ಪ…’ ಪದಕ್ಕೆ ತಡಕಾಡಿದರು.

‘ಜೋವಿಯಲ್’ ಅಂದೆ.

‘ಅದೇ ಅದೇ’ ಅಂತ ಅವರು ಫ್ಲಾಸಿಯ ಕಡೆ ನೋಡಿ ಮುಗುಳ್ನಕ್ಕರು. ‘ನೀವು ಬ್ಲ್ಯಾಕ್‌ಪೂಲ್‌ನಲ್ಲಿ ವಸತಿಗೃಹ ನಡೆಸಿದೋರು ಅಲ್ವಾ, ಮೇಡಂ?’

ಅವಳು ಇಲ್ಲ ಆಗಲ್ಲ ಅನ್ನಲಿಲ್ಲ. ‘ನೋಡೋಣ ಬಿಡಿ’ ಅಂದಳು. ಕೆನ್ನೆ ಕೆಂಪಾಗಿತ್ತು.

ಅಣ್ಣನ ಬಾಯಲ್ಲಿ ಅವಳ ಹೆಸರು. ಗಿರಾಕಿಗಳ ಬಾಯಲ್ಲಿ ಅವಳ ಹೆಸರು. ಇನ್ನು ಬಾಗಿಲ ಮೇಲಿನ ಹಲಗೆಯಲ್ಲೂ ಅವಳದೇ ಹೆಸರು ಬರೆಯಿಸಿದರೆ ನಾನು ಯಾರು?

ಫೆಬ್ರವರಿ 2, ಶನಿವಾರ

ಇದನ್ನು ಬರೆಯಬಾರದು ಅಂದುಕೊಂಡಿದ್ದೆ.

ಮಧ್ಯಾಹ್ನ ಫ್ಲಾಸಿ ಮೇಲೆ ಆರ್ನಲ್ಡನಿಗೆ ಊಟ ಮಾಡಿಸುತ್ತಿದ್ದಾಗ ಕೌಂಟರಿನಲ್ಲಿ ನಾನೊಬ್ಬಳೇ ಇದ್ದೆ. ಏಳೆಂಟು ಜನ. ನಾನು ಗಂಟಲು ಸರಿಮಾಡಿಕೊಂಡು ಬಿಷಪ್ ಮತ್ತು ಹಂದಿಯ ಕಥೆ ಹೇಳಲು ಶುರುಮಾಡಿದೆ. ನೂರಾರು ಸಲ ಕೇಳಿದ್ದು, ಬಾಯಿಪಾಠ. ಬಿಷಪ್ ಬಂದ, ಹಂದಿಯೂ ಬಂತು. ಮೆಟ್ಟಿಲಿನ ಕಡೆ ಬರುವಾಗ ಆರ್ನಲ್ಡ್ ಕೈಯೆತ್ತಿ ಕುಸಿದದ್ದು ಕಣ್ಣೆದುರು ಬಂತು. ಮಾತು ನಿಂತೇ ಹೋಯಿತು. ಎಲ್ಲರೂ ನನ್ನ ಮುಖ ನೋಡುತ್ತಾ ಕೂತರು.

ಕೊನೆಗೆ ಸೆತ್ ಮೆಲ್ಲಗೆ ಕೇಳಿದ: ‘ಯಜಮಾನ್ತಿ, ಸತ್ತಿದ್ದು ಬಿಷಪ್ಪೋ ಹಂದಿಯೋ?’

ಅಷ್ಟರಲ್ಲಿ ಮೇಲಿನಿಂದ ಇಬ್ಬರ ನಗು ಕೇಳಿಸಿತು. ಅವಳದ್ದು, ಅವನದ್ದು.

ಫೆಬ್ರವರಿ 5, ಮಂಗಳವಾರ

ನಿನ್ನೆ ಫ್ಲಾಸಿ ಬ್ಲ್ಯಾಕ್‌ಪೂಲ್‌ಗೆ ಹೋದಳು. ಅವಳ ಮನೆಯ ನೀರಿನ ಪೈಪು ಚಳಿಗೆ ಒಡೆದಿದೆ ಅಂತ ಪಕ್ಕದ ಮನೆಯವರು ಹೇಳಿಕಳಿಸಿದ್ದರು. ಇವತ್ತು ಬೆಳಿಗ್ಗೆ ಫೋನು ಮಾಡಿದಳು. ‘ಮೇಬಲ್, ದೊಡ್ಡ ಹಿಮ ಬೀಳತ್ತಂತೆ ಕಣೇ. ಈಗ್ಲೇ ಹೊರಟ್ರೆ ರೈಲು ಸಿಗತ್ತೆ. ಬರ್ಲಾ?’

‘ಏನೂ ಬೇಡ’ ಅಂದೆ. ‘ಮನೆ ಕೆಲಸ ಮುಗಿಸ್ಕೊಂಡೇ ಬಾ. ಇಲ್ಲೆಲ್ಲ ಚೆನ್ನಾಗೇ ನಡೀತಿದೆ.’

‘ಆರ್ನಲ್ಡ್ ನನ್ನ ಕೇಳಲ್ವಾ?’

‘ಇಲ್ಲ.’

ಬೆಳಗಿನಿಂದ ಅವನು ಬಾಗಿಲ ಕಡೆ ನೋಡುತ್ತಾ ಆ ಒಂದು ಪದವನ್ನೇ ಹೇಳುತ್ತಿದ್ದ. ಚಹಾ ಕೇಳಿದ್ದೋ ತಂಗಿಯನ್ನೋ ಅಂತ ತಿಳಿಯಲು ದಾರಿ ಇಲ್ಲ. ಮೇಲೆ ಹೋಗಿ ಹೇಳಿದೆ: ‘ಅವಳು ಬರಲ್ವಂತೆ. ಅಲ್ಲೇ ಇರ್ತಾಳಂತೆ.’

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಊಟ ಮುಟ್ಟಲಿಲ್ಲ.

ಫೆಬ್ರವರಿ 6, ಬುಧವಾರ

ಹಿಮ. ಕಿಟಕಿಯ ಅರ್ಧದವರೆಗೆ. ರೈಲು ನಿಂತಿದೆ, ಫೋನಿನ ತಂತಿಯೂ ಬಿದ್ದಿದೆ. ಅವನು ಇವತ್ತೂ ಉಣ್ಣಲಿಲ್ಲ. ನಾನೂ.

ಫೆಬ್ರವರಿ 9, ಶನಿವಾರ

ಬೀದಿಯ ನಲ್ಲಿಗಳೆಲ್ಲ ಹೆಪ್ಪುಗಟ್ಟಿವೆ. ಊರಿನಲ್ಲಿ ಹರಿಯುವ ನೀರು ಅಂತ ಇರುವುದು ನಮ್ಮ ನೆಲಮಾಳಿಗೆಯ ಒರತೆ ಒಂದೇ. ಗುರುವಾರ ಬೆಳಿಗ್ಗೆ ಮೊದಲ ಬಕೆಟ್ ಬಂತು, ಮಧ್ಯಾಹ್ನದ ಹೊತ್ತಿಗೆ ಬೀದಿಯುದ್ದಕ್ಕೂ ಸಾಲು. ಗಿರಣಿ ಮುಚ್ಚಿದೆ, ಮನೆಗಳಲ್ಲಿ ಕಲ್ಲಿದ್ದಲಿಲ್ಲ. ನೀರು ತುಂಬಿಸಿಕೊಂಡವರು ನಮ್ಮ ಬೆಂಕಿಯ ಹತ್ತಿರ ಒಂದು ನಿಮಿಷ ಅಂತ ನಿಲ್ಲುತ್ತಾರೆ, ಮತ್ತೆ ಹೋಗುವುದೇ ಇಲ್ಲ. ಹೀಗೆ ನಿಂತವರಿಗೆ ಬರಿಗೈ ತೋರಿಸಲಾಗುತ್ತದೆಯೇ? ಬಟ್ಟೆ ಬೇಯಿಸುವ ಹಂಡೆಯನ್ನು ಉಜ್ಜಿ, ಹಂದಿಮೂಳೆ ಹಾಕಿ ಬಟಾಣಿ ಸೂಪು ಮಾಡಿದೆ.

ಆದರೆ ಶಿಸ್ತು ಬೇಡವೇ? ಮೆಟ್ಟಿಲ ತುಂಬ ನೀರು ಚೆಲ್ಲಿ, ಅದು ಗಡ್ಡೆಕಟ್ಟಿ, ಸೆತ್ ಬಕೆಟ್ ಸಮೇತ ಜಾರಿ ಬಿದ್ದ. ನಾನು ಬಿಡಲಿಲ್ಲ. ‘ಇಷ್ಟು ವರ್ಷ ಕಲ್ಲಿದ್ದಲಿನ ಮೂಟೆಗೆ ಕಲ್ಲು ಸೇರಿಸಿ ತೂಗಿದೀಯ, ಈಗ ನೀನೇ ಮೂಟೆ ಥರ ಉರುಳ್ತಿದೀಯ. ಏಳು, ಆ ಬೂಟ್ಸು ಬಿಚ್ಚು, ನೆಲ ಒರೆಸು. ಒರೆಸೋವರೆಗೆ ಸೂಪಿಲ್ಲ’ ಅಂದೆ.

ಇಡೀ ಕೋಣೆ ನಕ್ಕಿತು. ನಾನು ತಮಾಷೆಗೆ ಹೇಳಿರಲಿಲ್ಲ. ನಿಜವಾಗಿಯೂ ಸಿಟ್ಟು ಬಂದಿತ್ತು. ಸೆತ್ ಮಂಡಿಯೂರಿ ನೆಲ ಒರೆಸುತ್ತಾ ‘ಇವ್ರು ನಮ್ಮಮ್ಮಂಗಿಂತ ಮೇಲು’ ಅಂದ. ಅದಕ್ಕೂ ನಕ್ಕರು.

ಪಿಲಿಂಗ್ ಮೇಷ್ಟ್ರು ಎರಡನೇ ಬಟ್ಟಲಿಗೆ ಬಂದರು. ‘ನಿಮ್ಮ ಸೂಪಿಗೆ ವಿಶೇಷಣ ಹುಡುಕ್ತಾ ಇದೀನಿ’ ಅಂದರು. ‘ಚಮಚ ಹುಡುಕಿ ಮೇಷ್ಟ್ರೇ, ಇನ್ನೂ ಜನ ಕಾಯ್ತಿದಾರೆ’ ಅಂದೆ. ಮತ್ತೆ ನಗು. ಈ ಚಳಿ ಜನರ ತಲೆ ಕೆಡಿಸಿದೆ.

ಫೆಬ್ರವರಿ 13, ಬುಧವಾರ

ನಾಲ್ಕು ದಿನ ಬರೆಯಲು ಕೂರಲಾಗಲಿಲ್ಲ. ಅಡುಗೆಮನೆಯಲ್ಲಿ ಎಲ್ಲಿ ನೋಡಿದರೂ ಜನ. ಅಗಸಗಿತ್ತಿ ಮಿಸೆಸ್ ಓಗ್ಡೆನ್ ನನ್ನ ಮೇಜಿನಲ್ಲೇ ಆಲೂಗಡ್ಡೆ ಸುಲಿಯುತ್ತಾಳೆ. ಅವಳ ಮಗಳಿಗೆ ಗಿರಣಿಯ ಫೋರ್‌ಮನ್ ಜತೆ ಮದುವೆಯಂತೆ, ಅವನ ಕಿವಿ ನೋಡಿದರೆ ಗಾಳಿಗೆ ಹಾರಿಹೋಗುತ್ತಾನೆ ಅನ್ನಿಸುತ್ತದಂತೆ. ಇಷ್ಟು ವರ್ಷ ನಾನು ಅವಳಿಗೆ ಬೆಳಿಗ್ಗೆ ನಮಸ್ಕಾರ ಹೇಳಿದ್ದು ಬಿಟ್ಟರೆ ಬೇರೆ ಮಾತಾಡಿರಲಿಲ್ಲ.

ಇವತ್ತು ನಾನು ಒಬ್ಬನಿಗೆ ಬೈಯುತ್ತಿದ್ದೆ, ಯಾವುದಕ್ಕೆ ಅಂತ ಮರೆತಿದ್ದೇನೆ. ಜನ ನಗುತ್ತಿದ್ದರು. ಮೇಲಿನಿಂದ ದಬದಬ ಸದ್ದು. ಆರ್ನಲ್ಡ್ ಕೋಲಿನಿಂದ ನೆಲ ಕುಟ್ಟುತ್ತಿದ್ದ. ಓಡಿಹೋದೆ. ಕಾಲು ಹಾಸಿಗೆಯಿಂದ ಕೆಳಗಿಳಿಸಿದ್ದ. ಬಾಗಿಲ ಕಡೆ ಕೈ ತೋರಿಸಿ ‘ಫ್ಲಾಸಿ’ ಅಂದ.

‘ಅವಳಿಲ್ಲ’ ಅಂದೆ.

ತಲೆ ಅಲ್ಲಾಡಿಸಿದ. ನೆಲ ತೋರಿಸಿದ. ಕೆಳಗಿನಿಂದ ಬರುತ್ತಿದ್ದ ನಗು ತೋರಿಸಿದ. ‘ಫ್ಲಾಸಿ! ಫ್ಲಾಸಿ!’

‘ಕೆಳಗೆ ಹೋಗ್ಬೇಕಾ?’

ಸೆತ್ ಮತ್ತೆ ಇನ್ನೊಬ್ಬರು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಇಳಿಸಿದರು. ಅವನನ್ನು ನೋಡಿ ಜನ ಎದ್ದುನಿಂತು ಕೂಗಿದರು. ಅವನು ಎಡಗೈ ಎತ್ತಿದ. ಬಾಯಿ ತೆರೆದ. ಆಮೇಲೆ ಅಳಲು ಶುರುಮಾಡಿದ. ದೊಡ್ಡದಾಗಿ, ಬಾಯಿ ಸೊಟ್ಟ ಮಾಡಿಕೊಂಡು, ಮಗುವಿನ ಹಾಗೆ.

ಜೋವಿಯಲ್ ಯಜಮಾನ ಅಳುವಾಗ ಏನು ಮಾಡಬೇಕು ಅಂತ ಈ ಊರಿಗೆ ಯಾರೂ ಕಲಿಸಿಲ್ಲ. ಸೆತ್ ತನ್ನ ಬೂಟ್ಸು ನೋಡುತ್ತಿದ್ದ. ನಾನು ಲೋಟ ಒರೆಸುವ ಬಟ್ಟೆಯಿಂದ ಅವನ ಮುಖ ಒರೆಸಿ, ‘ಆರು ವಾರ ಆಯ್ತು ಇವ್ನು ಒಂದು ತೊಟ್ಟು ಕುಡಿದು. ನೀವೆಲ್ಲ ಕುಡಿಯೋದು ನೋಡಿದ್ರೆ ಯಾರಿಗೆ ಅಳು ಬರಲ್ಲ?’ ಅಂದೆ. ಒಂದು ಪುಟ್ಟ ಲೋಟದಲ್ಲಿ ಬಿಯರು ಹಿಡಿದು ತುಟಿಗಿಟ್ಟೆ. ಕುಡಿದ. ಡಾಮಿನೊ ಆಟ ಮತ್ತೆ ಶುರುವಾಯಿತು.

ರಾತ್ರಿಯೂಟಕ್ಕೆ ಸೂಪು ಪೂರ್ತಿ ಮುಗಿಸಿದ. ಫ್ಲಾಸಿ ಇದ್ದಿದ್ದರೆ ಅವನು ಅಳುತ್ತಲೇ ಇರಲಿಲ್ಲ, ನಗುತ್ತಿದ್ದ. ಅದು ನನಗೆ ಗೊತ್ತು.

ಫೆಬ್ರವರಿ 19, ಮಂಗಳವಾರ

ದಿನಾ ಕೆಳಗೆ ಬರುತ್ತಾನೆ. ಕೌಂಟರಿನ ತುದಿಯಲ್ಲಿ ಅವನ ಕುರ್ಚಿ. ಹೆಚ್ಚು ಹೊತ್ತು ಸುಮ್ಮನೆ ಕೂತು ನೋಡುತ್ತಿರುತ್ತಾನೆ, ಇಷ್ಟು ವರ್ಷ ನಾನು ನೋಡುತ್ತಿದ್ದ ಹಾಗೆ. ಫೋನಿನ ತಂತಿ ಸರಿಯಾಗಿದೆ. ನಾನು ಬ್ಲ್ಯಾಕ್‌ಪೂಲ್‌ಗೆ ಫೋನು ಮಾಡಿಲ್ಲ.

ಫೆಬ್ರವರಿ 26, ಮಂಗಳವಾರ

ಉಪವಾಸದ ಕಾಲಕ್ಕೆ ಮುಂಚಿನ ಪ್ಯಾನ್‌ಕೇಕ್ ದಿನ. ಬಾಣಲೆ ಒಲೆಯ ಮೇಲಿರುವಾಗಲೇ ಹಿಂಬಾಗಿಲಿನಿಂದ ಫ್ಲಾಸಿ ಬಂದಳು. ಹೇಳದೆ ಕೇಳದೆ. ಅದೇ ಕೆಂಪು ಹ್ಯಾಟು. ಕೆಳಗೆ ಕೂತಿದ್ದ ಆರ್ನಲ್ಡನ ಹತ್ತಿರ ಹೋಗಿ ಕೆನ್ನೆಗೆ ಮುತ್ತಿಟ್ಟಳು. ಅವನು ಮುಖ ತಿರುಗಿಸಿದ.

ಅಡುಗೆಮನೆಗೆ ಬಂದು ಕೇಳಿದಳು: ‘ಏನಾಗಿದೆ ಅವನಿಗೆ?’

ನಾನು ಹಿಟ್ಟು ಹುಯ್ಯುತ್ತಾ ಹೇಳಿಬಿಟ್ಟೆ. ‘ನೀನು ಬರಲ್ಲ ಅಂದೆ ಅಂತ ನಾನು ಹೇಳಿದೀನಿ.’

‘ನಾನು ಯಾವಾಗಂದೆ? ಬರ್ಲಾ ಅಂತ ಕೇಳಿದ್ನಲ್ಲೇ!’

‘ಹೂಂ. ಕೇಳಿದ್ದೆ. ನಾನೇ ಬೇಡ ಅಂದೆ. ಅವನು ಕೇಳ್ತಿರ್ಲಿಲ್ಲ ಅಂದದ್ದೂ ಸುಳ್ಳು.’

ಅವಳು ನಗುತ್ತಾಳೆ, ಎಲ್ಲವನ್ನೂ ನಗುವಿನಲ್ಲಿ ತೇಲಿಸುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ‘ಯಾಕೇ?’ ಅಂದಳು.

‘ಯಾಕೆ ಅಂತ ಕೇಳ್ತೀಯಾ? ಅವನ ಅಂಡು ತೊಳೆಯೋಳು ನಾನು, ಅವನು ಕೂಗೋದು ನಿನ್ನ. ಅವನಿಗೆ ನಗು ಬರೋದು ನೀನು ಬಂದ್ರೆ. ಊರಿಗೆ ನೀನು ಬೇಕು, ಕಂಪನಿಗೆ ನೀನು ಬೇಕು. ನನಗೇನು ಬೇಕು ಅಂತ ಯಾರಾದ್ರೂ ಒಬ್ರು ಕೇಳಿದೀರಾ?’

ಪ್ಯಾನ್‌ಕೇಕ್ ಸೀದು ಹೊಗೆ ಬಂತು. ಅವಳು ನನ್ನ ಕೈಯಿಂದ ಬಾಣಲೆ ತೆಗೆದು ಕೆಳಗಿಟ್ಟಳು. ಮಿಸೆಸ್ ಓಗ್ಡೆನ್‌ಳ ಸ್ಟೂಲಿನ ಮೇಲೆ ಕೂತು ಹ್ಯಾಟು ತೆಗೆದಳು. ಕೂದಲ ಬುಡ ಪೂರ್ತಿ ಬೆಳ್ಳಗಾಗಿತ್ತು.

‘ಡೆನ್ಹಮ್‌ಗೆ ನಾನು ಹೂಂ ಅಂದಿದೀನಿ’ ಅಂದಳು. ‘ಅಲ್ಲಿಂದ್ಲೇ ಫೋನ್ ಮಾಡ್ದೆ. ಬ್ಲ್ಯಾಕ್‌ಪೂಲ್ ಮನೆ ಮುಗೀತು ಮೇಬಲ್. ಚಾವಣಿ ಕುಸಿದಿದೆ. ಕುಸಿದೇ ಇದ್ರೂ ಬರೋರು ಯಾರಿದ್ರು? ಎರಡು ವರ್ಷದಿಂದ ಒಬ್ಬ ಬಾಡಿಗೆದಾರನೂ ಇಲ್ಲ. ನಿಂಗೊಂದು ಹೇಳ್ಲಾ? ಒಬ್ಳೇ ಇದ್ರೆ ನಾನು ಮಾತೇ ಆಡಲ್ಲ. ರೇಡಿಯೋ ಹಾಕ್ಕೊಂಡು ಗೋಡೆ ನೋಡ್ತಾ ಕೂತಿರ್ತೀನಿ. ಜನ ಕಂಡ್ರೆ ಮಾತ್ರ ನಂಗೆ ಆ ನಗು ಬರತ್ತೆ, ನಲ್ಲಿ ತಿರುಗಿಸಿದ ಹಾಗೆ. ಇಲ್ದಿದ್ರೆ ಒಳಗೆ ಏನೂ ಇರಲ್ಲ.’

ಅವಳ ಮೇಲೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟೇ. ‘ಅದಕ್ಕೆ ನನ್ನ ಮನೆ ಬೇಕಾ?’ ಅಂದೆ.

‘ನಿನ್ನನ್ನ ಹೊರಗೆ ಹಾಕ್ತೀನಿ ಅಂದ್ನಾ?’

‘ನಿನ್ನ ಪಬ್ಬಿನಲ್ಲಿ ಲೋಟ ತೊಳ್ಕೊಂಡಿರು ಅಂತೀಯಾ?’

ಒಳಗಿನಿಂದ ಸೆತ್ ‘ಯಜಮಾನ್ತಿ, ಪ್ಯಾನ್‌ಕೇಕು ಮುಂದಿನ ಉಪವಾಸಕ್ಕಾ?’ ಅಂತ ಕೂಗಿದ. ನಾನು ‘ಬಾಯಿ ಮುಚ್ಚೋ, ನಿನ್ನದನ್ನ ಕಲ್ಲಿದ್ದಲು ಮಾಡಿಟ್ಟಿದೀನಿ’ ಅಂತ ಸೀದದ್ದನ್ನೇ ಕಳಿಸಿದೆ. ಅಲ್ಲಿ ಎದ್ದ ನಗುವನ್ನು ಫ್ಲಾಸಿ ತಲೆ ಓರೆ ಮಾಡಿ ಕೇಳಿಸಿಕೊಂಡಳು. ನನ್ನನ್ನು ಒಂಥರಾ ನೋಡಿದಳು. ಯಾಕೆ ಅಂತ ತಿಳಿಯಲಿಲ್ಲ.

ಹೋಗಿ ಆರ್ನಲ್ಡನಿಗೆ ನಿಜ ಹೇಳಿದೆ. ಅವಳು ಬರುತ್ತೇನೆ ಅಂದಿದ್ದಳು, ನಾನು ತಡೆದೆ ಅಂತ. ಅವನು ತುಂಬ ಹೊತ್ತು ನನ್ನನ್ನೇ ನೋಡಿದ. ಅನ್ನಲು ಅವನಿಗೆ ಇರುವುದು ಆ ಒಂದೇ ಪದ.

ಮಾರ್ಚ್ 2, ಶನಿವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ಡೆನ್ಹಮ್ ಬಂದರು. ಸೆತ್ ಮತ್ತು ಪಿಲಿಂಗ್ ಮೇಷ್ಟ್ರು ಇನ್ನೂ ಎದ್ದಿರಲಿಲ್ಲ. ಡೆನ್ಹಮ್ ಆರ್ನಲ್ಡನ ಎದುರು ಕುರ್ಚಿ ಎಳೆದುಕೊಂಡು, ಕಿವುಡರಿಗೆ ಹೇಳುವ ಹಾಗೆ ಜೋರಾಗಿ ಹೇಳಿದರು: ‘ಮಿಸ್ಟರ್ ಸಟ್‌ಕ್ಲಿಫ್, ನಿಮ್ಮ ಜಾಗಕ್ಕೆ ಯಾರು ಅಂತ ನಿಮ್ಮನ್ನ ಕೇಳೋದು ಪದ್ಧತಿ. ನಿಮ್ಮ ತಂಗಿ ಒಪ್ಪಿದಾರೆ. ನಿಮ್ಮ ಹೆಂಡತೀನೂ ಕೇಳಿದಾರೆ. ನಿಮಗೆ ಯಾರಾಗ್ಬೇಕು?’

ಆರ್ನಲ್ಡ್ ಉಸಿರೆಳೆದುಕೊಂಡ.

‘ಫ್ಲಾಸಿ’ ಅಂದ.

‘ಸ್ಪಷ್ಟವಾಯ್ತು’ ಅಂತ ಡೆನ್ಹಮ್ ಪೆನ್ನಿನ ಮುಚ್ಚಳ ತೆಗೆದರು.

ಅವರಿಗೆ ಗೊತ್ತಿಲ್ಲ. ಕೋಣೆಯಲ್ಲಿ ಉಳಿದವರಿಗೆಲ್ಲ ಗೊತ್ತು. ನಾನು ಬಾಯಿ ತೆರೆಯಲಿಲ್ಲ. ನಾನು ಹೇಳಿದರೆ ಯಾರು ನಂಬುತ್ತಾರೆ? ಹೇಳಬೇಕಾದವಳು ಫ್ಲಾಸಿ. ಅವಳು ಪಂಪಿನ ಹಿಡಿ ಹಿಡಿದುಕೊಂಡು ನಿಂತಿದ್ದಳು, ತುಟಿ ಬಿಗಿಯಾಗಿತ್ತು. ಹೇಳಲಿಲ್ಲ. ಅವಳಿಗೆ ಆ ಜಾಗ ಎಷ್ಟು ಬೇಕಾಗಿತ್ತು ಅಂತ ನನಗೆ ಆಗ ಕಂಡಿತು. ನನಗೆ ಎಷ್ಟು ಬೇಕಿತ್ತೋ ಅಷ್ಟೇ.

‘ಫ್ಲಾಸಿ!’ ಅಂತ ಆರ್ನಲ್ಡ್ ಮತ್ತೆ ಕೂಗಿದ. ಸಿಟ್ಟಿನಿಂದ. ಮುಖ ನೇರಳೆಯಾಗಿತ್ತು. ಎಡಗೈ ಗಾಳಿಯಲ್ಲಿ ತಡಕಾಡಿತು, ಪಕ್ಕದಲ್ಲಿ ನಿಂತಿದ್ದ ನನ್ನ ಏಪ್ರನ್ನು ಸಿಕ್ಕಿತು. ಮುಷ್ಟಿಯಲ್ಲಿ ಹಿಡಿದು ಜಗ್ಗಿದ. ನಾನು ಅವನ ಮೇಲೆ ಬೀಳುವುದರಲ್ಲಿದ್ದೆ. ‘ಫ್ಲಾಸಿ!’ ಇನ್ನೊಂದು ಸಲ ಜಗ್ಗಿದ. ‘ಫ್ಲಾಸಿ! ಫ್ಲಾಸಿ!’

‘ತಂಗಿ ಅಲ್ಲಿದಾರೆ…’ ಅಂತ ಡೆನ್ಹಮ್ ಪಂಪಿನ ಕಡೆ ತೋರಿಸಿದರು.

ಆಗ ಫ್ಲಾಸಿ ಮಾತಾಡಿದಳು. ‘ಅವ್ನು ಚಹಾಕ್ಕೂ ಫ್ಲಾಸಿ ಅಂತಾನೆ ಸ್ವಾಮಿ. ಗುಬ್ಬಚ್ಚಿಗೂ ಅದನ್ನೇ ಅಂತಾನೆ. ಅವ್ನ ಬಾಯಿ ಬಿಡಿ, ಕೈ ಎಲ್ಲಿದೆ ನೋಡಿ.’

ಡೆನ್ಹಮ್ ನೋಡಿದರು. ಏಪ್ರನ್ನಿನ ದಾರ ಕಿತ್ತುಬಂದಿತ್ತು, ಅವನು ಬಿಟ್ಟಿರಲಿಲ್ಲ.

‘ಆದ್ರೆ ಈ ಜಾಗಕ್ಕೆ ಬೇಕಾದ ಆ… ಸ್ವಭಾವ…’ ಅಂತ ಡೆನ್ಹಮ್ ಶುರುಮಾಡಿದರು.

ಸೆತ್ ಮಧ್ಯೆ ಬಾಯಿ ಹಾಕಿದ: ‘ಹಿಮದ ಮೂರು ವಾರ ಇಡೀ ಬೀದಿ ಇಲ್ಲೇ ಬಿದ್ದಿತ್ತು ಸ್ವಾಮಿ. ನಾನು ದಿನಾ ಬೈಸ್ಕೊಳ್ಳೋಕೇ ಬರ್ತಿದ್ದೆ. ಕಮ್ಮಿ ಬೈದ ದಿನ ಜ್ವರ ಬಂದಿದ್ಯಾ ಅಂತ ಕೇಳ್ತಿದ್ದೆ.’

ಮೇಷ್ಟ್ರು ಮೆಲ್ಲಗೆ ಹೇಳಿದರು: ‘ಆ ಪದ ಹೆಂಗಸರಿಗೆ ಬಳಸಲ್ಲ ಅಂತ ನಾನು ಹೇಳಿದ್ದೆ. ಅದು ಪುಸ್ತಕದ ಮಾತು, ಮಿಸ್ಟರ್ ಡೆನ್ಹಮ್. ನೀವು ಒಂದು ಸಂಜೆ ಬಂದು ಕೂತ್ಕೊಳ್ಳಿ.’

ಅವರೇನು ಹೇಳುತ್ತಿದ್ದಾರೆ ಅಂತ ನನಗೆ ಸರಿಯಾಗಿ ಅರ್ಥವಾಗಲಿಲ್ಲ, ನಾನು ಏಪ್ರನ್ ಬಿಡಿಸಿಕೊಳ್ಳುವುದರಲ್ಲಿದ್ದೆ. ಡೆನ್ಹಮ್ ಕೊನೆಗೆ ಕೈಗವಸು ಬಿಚ್ಚಿದರು. ಮೇಬಲ್ ಅನ್ನುವುದರ ಕಾಗುಣಿತ ಕೇಳಿ ಬರೆದುಕೊಂಡರು.

ಅವರು ಹೋದ ಮೇಲೆ ಫ್ಲಾಸಿ ಮೇಲೆ ಹೋಗಿ ಪೆಟ್ಟಿಗೆ ತೆಗೆದ ಸದ್ದು ಕೇಳಿಸಿತು. ಮೆಟ್ಟಿಲ ಕೆಳಗೆ ನಿಂತು ಕೂಗಿದೆ: ‘ಶನಿವಾರ ಸಂಜೆ ಪಂಪು ನಾನೊಬ್ಳೇ ಹೊಡೀಲಾ?’ ಇರು ಅಂತ ನಾನು ಹೇಳಲಿಲ್ಲ. ಕೈ ಬೇಕಿತ್ತು, ಅಷ್ಟೇ.

ಇಳಿದು ಬಂದಳು. ಅರ್ಧ ಗಂಟೆಯಲ್ಲಿ ಕೋಣೆಯೆಲ್ಲ ಅವಳ ಕಡೆಗೇ ತಿರುಗಿತ್ತು. ನಾನು ಲೋಟಗಳನ್ನು ಬೇಕಿದ್ದಕ್ಕಿಂತ ಜೋರಾಗಿ ಕುಕ್ಕಿದೆ.

ಮಾರ್ಚ್ 7, ಗುರುವಾರ

ನಿ‌ನ್ನೆಯಿಂದ ಹಿಮ ಕರಗುತ್ತಿದೆ. ಕರಗಿದ ಕೂಡಲೇ ನಮ್ಮ ಬಿಸಿನೀರಿನ ಪೈಪು ಒಡೆದು ಅಡುಗೆಮನೆ ಕೆರೆಯಾಯಿತು. ಬರೆಯಲು ಹೊತ್ತಿಲ್ಲ. ಮಿಸೆಸ್ ಓಗ್ಡೆನ್ ಬಂದಿದ್ದಾಳೆ, ಆ ಕಿವಿಯವನ ಮದುವೆಯೂಟ ನಮ್ಮಲ್ಲೇ ಆಗಬೇಕಂತೆ, ‘ಮೇಬಲ್ ಇರೋ ಕಡೆ’ ಅಂತ ಅಳಿಯನೇ ಹೇಳಿದನಂತೆ. ಅವನಿಗೆ ನಾನು ಒಮ್ಮೆ ಟೋಪಿ ಕಟ್ಟಿಕೋ ಅಂದದ್ದು ಬಿಟ್ಟರೆ ಬೇರೆ ಮಾತಾಡಿಲ್ಲ.

ಒಂದು ಮಾತ್ರ ಬರೆದಿಡುತ್ತೇನೆ. ಬೆಳಿಗ್ಗೆ ಆರ್ನಲ್ಡನ ಮೈ ಒರೆಸಲು ಹೋದೆ. ಬಿಸಿನೀರಿಲ್ಲ, ಒರತೆಯ ನೀರೇ ಬೋಗುಣಿಯಲ್ಲಿ. ಫ್ಲಾಸಿ ಟವೆಲ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಬಟ್ಟೆಯನ್ನು ಅವನ ಬೆನ್ನಿಗಿಟ್ಟೆ.

‘ಥೂ, ಹಾಳಾದೋಳೇ, ತಣ್ಣಗಿದ್ಯಲ್ಲೇ!’ ಅಂತ ಅರಚಿದ.

ಒಂದು ಪೂರ್ತಿ ಮಾತು. ಎಡವದೆ, ತಡವರಿಸದೆ. ಈ ಮನೆಗೆ ಬಂದಂದಿನಿಂದ ಪ್ರತಿ ಚಳಿಗಾಲ, ಹಾಸಿಗೆಯಲ್ಲಿ ನನ್ನ ತಣ್ಣನೆ ಪಾದ ತಗುಲಿದಾಗ ಅವನು ನನಗೊಬ್ಬಳಿಗೇ ಅನ್ನುತ್ತಿದ್ದದ್ದು. ಪಬ್ಬಿನಲ್ಲಿ ಯಾರಿಗೂ ಒಂದು ಕೆಟ್ಟ ಮಾತು ಆಡಿದವನಲ್ಲ. ಅವನೇ ತನ್ನ ಬಾಯಿಗೆ ಕೈಯಿಟ್ಟುಕೊಂಡ.

ಫ್ಲಾಸಿಯ ಕೈಯಲ್ಲಿ ಟವೆಲ್ಲು ಹಿಂಡಿಹೋಗಿತ್ತು. ನಗಲು ನೋಡಿದಳು, ಆಗಲಿಲ್ಲ.

‘ಹುಟ್ಟಿದಾಗಿಂದ ನಂಗೆ ಒಂದ್ಸಲಾನೂ ಹಾಗೆ ಬೈದಿಲ್ಲ ಕಣೇ ಅವ್ನು’ ಅಂದಳು.

ನಾನು ಬಟ್ಟೆಯನ್ನು ಇನ್ನೊಂದು ಸಲ ತಣ್ಣೀರಿಗೆ ಅದ್ದಿದೆ.